ಬಿಟ್ಟ ಜಾಗ

ಟೈಪಿಸ್ಟ್ ಸೀನಿದಾಗ ಬೆರಳು ತಾಗಿತೋ ಏನೋ, ಕರಾರುಪತ್ರದ ಎರಡು ಪದಗಳ ನಡುವೆ ಎಳ್ಳುಕಾಳಿನಷ್ಟು ಜಾಗ ಖಾಲಿ ಬಿದ್ದುಬಿಟ್ಟಿತ್ತು. ವರ್ಷಗಟ್ಟಲೆ ಅದು ಯಾರ ಕಣ್ಣಿಗೂ ಬೀಳದೆ ಪೆಟ್ಟಿಗೆಯಲ್ಲಿ ತೆಪ್ಪಗೆ ಮಲಗಿತ್ತು.

ಆ ಕಟ್ಟಡದ ಕೆಳಗೆ ಗಡಿಯಾರ ರಿಪೇರಿಯವನ ಅಂಗಡಿ, ಮೇಲೆ ಅವನ ಸಂಸಾರ. ಎರಡಕ್ಕೂ ಸೇರಿ ಒಂದೇ ಕರಾರು. ಅವಧಿ ಮುಗಿದ ದಿನ ಬೆಳಿಗ್ಗೆಯೇ ಮಾಲೀಕ ಅಂಗಡಿಗೆ ಬಂದ.

"ನಮ್ಮತ್ತೆ ಇಲ್ಲಿಗೆ ಬರ್ತಿದ್ದಾರೆ, ಮಹಡಿ ಖಾಲಿ ಮಾಡಿ. ಅಂಗಡಿ ಬೇಕಾದ್ರೆ ಇಟ್ಕೊಳ್ಳಿ. ನೋಡಿ, ಬರೆದೇ ಇದೆ: 'ಅವಧಿ ಮುಗಿದ ಕೂಡಲೇ ಬಾಡಿಗೆದಾರನು ಮಹಡಿಯನ್ನು ಬಿಟ್ಟು ಕೊಡತಕ್ಕದ್ದು.'"

ಗಡಿಯಾರದವನು ತಲೆಯೆತ್ತಿ ಮಹಡಿಯತ್ತ ನೋಡಿದ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ಅಷ್ಟರಲ್ಲಿ ಪಕ್ಕದ ಮನೆಯ ವ್ಯಾಕರಣದ ಮೇಷ್ಟ್ರು ಕರೆಯದೆಯೇ ಒಳಗೆ ಬಂದರು. ನಿವೃತ್ತರಾದ ಮೇಲೆ ತಿದ್ದಲು ಏನೂ ಸಿಗದೆ ಅವರ ಕೈ ಕಡಿಯುತ್ತಿತ್ತು. ಕಾಗದ ಕಸಿದು ಓದಿದರು.

"ಇಲ್ಲಿ ಜಾಗ ಬಿಟ್ಟಿದೆಯಾ, ಸರಿಯಾಗಿ ನೋಡಯ್ಯ."

ಗಡಿಯಾರದವನು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಬಗ್ಗಿದ. "ಬಿಟ್ಟಿದೆ ಮೇಷ್ಟ್ರೇ. 'ಬಿಟ್ಟು' ಒಂದು ಕಡೆ, 'ಕೊಡತಕ್ಕದ್ದು' ಇನ್ನೊಂದು ಕಡೆ."

"ಕೂಡಿಸಿ ಬರೆದಿದ್ರೆ ನೀನು ಮಹಡಿ ಕೊಡಬೇಕಿತ್ತು. ಬಿಡಿಸಿ ಬರೆದಿದೆ. ಅಂದ್ರೆ ಮಹಡಿಯೊಂದನ್ನ ಬಿಟ್ಟು."

"ಬರೆಸಿದ್ದು ನಾನು" ಎಂದ ಮಾಲೀಕ. "ನನ್ನ ಮನಸ್ಸಲ್ಲಿ ಏನಿತ್ತು ಅಂತ ನನಗೆ ಗೊತ್ತಿಲ್ವಾ?"

"ನೀವು ಸಹಿ ಹಾಕಿದ್ದು ಮನಸ್ಸಿಗಲ್ಲ, ಕಾಗದಕ್ಕೆ."

ಬೀದಿಯವರೆಲ್ಲ ಬಾಗಿಲಿಗೆ ಮುತ್ತಿದರು. ಒಬ್ಬೊಬ್ಬರಾಗಿ ಭೂತಗನ್ನಡಿ ಇಸಿದುಕೊಂಡು ಆ ಖಾಲಿ ಜಾಗ ನೋಡಿದರು. ನೋಡಿದವರೆಲ್ಲ ದನಿ ತಗ್ಗಿಸಿದರು. ಗಡಿಯಾರದವನಿಗೂ ಮೈ ಜುಮ್ಮೆಂದಿತು. ಅದು ಅಕ್ಷರವಲ್ಲ, ಚುಕ್ಕೆಯೂ ಅಲ್ಲ. ಶಾಯಿಯೇ ತಾಗದ ಆ ಜಾಗ ಒಂದು ಇಡೀ ಸಂಸಾರವನ್ನು ಮೇಲೆತ್ತಿ ಹಿಡಿದಿತ್ತು. ಹಲ್ಲುಚಕ್ರಗಳ ನಡುವಿನ ಕೂದಲೆಳೆಯಷ್ಟು ಸಂದಿನಲ್ಲೇ ಗಡಿಯಾರದ ಜೀವವಿರುವುದನ್ನು ಬಲ್ಲ ಅವನು ಕಾಗದಕ್ಕೆ ಕೈಮುಗಿದ.

ಕೊನೆಗೆ ಮಾಲೀಕನೂ ಬಗ್ಗಿದ. ಬಹಳ ಹೊತ್ತು ನೋಡಿದ. ತಲೆಯೆತ್ತಿದಾಗ ಅವನ ಮುಖದಲ್ಲೂ ಅದೇ ಬೆರಗಿತ್ತು.

"ನಿಜ ಮೇಷ್ಟ್ರೇ, ಕಣ್ಣು ತೆರೆಸಿದ್ರಿ. ಮಹಡಿ ಬಿಟ್ಟು. ಎಲ್ಲರೂ ಒಪ್ಪಿದ ಹಾಗೆ ತಾನೆ?"

"ಒಪ್ಪಿದ್ವಿ" ಎಂದಿತು ಇಡೀ ಬೀದಿ. ಗಡಿಯಾರದವನ ದನಿಯೇ ಎಲ್ಲರದಕ್ಕಿಂತ ಜೋರಾಗಿತ್ತು.

"ಹಾಗಾದ್ರೆ ಮಹಡಿ ಬಿಟ್ಟು ಮಿಕ್ಕಿದ್ದನ್ನ ಕೊಡಿ. ಅಂದ್ರೆ ಈ ಅಂಗಡಿ. ಅತ್ತೆಗೆ ಮಂಡಿನೋವು, ಮೆಟ್ಟಿಲು ಹೇಗಪ್ಪಾ ಹತ್ತಿಸೋದು ಅಂತ ನಾನೂ ತಲೆ ಕೆಡಿಸ್ಕೊಂಡಿದ್ದೆ."

ಗಡಿಯಾರದವನು ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಇನ್ನೊಮ್ಮೆ ಓದಿ, "ವ್ಯಾಕರಣದ ಪ್ರಕಾರ ಸರಿಯಾಗೇ ಇದೆ" ಎಂದು ಕಾಗದ ಮಡಿಸಿಕೊಟ್ಟರು.

ಮಹಡಿಯಿಂದ ಹೆಂಡತಿ ಕೂಗಿ ಕೇಳಿದಳು, "ಏನಾಯ್ತು ರೀ? ಗೆದ್ರಾ?"

"ಗೆದ್ವಿ" ಎಂದ ಅವನು, ಗೋಡೆಯಿಂದ ಮೊದಲನೆಯ ಗಡಿಯಾರ ಇಳಿಸುತ್ತ.