ಲೊಪೆಟಿ ಮೇಷ್ಟ್ರ ಜೋಡಿ ಪಾಠ

ಎಲ್ಲ ಶುರುವಾದದ್ದು ಆ ಸುತ್ತೋಲೆಯ ನಾಲ್ಕನೇ ಸಾಲಿನಿಂದ. ‘ವಿದ್ಯಾರ್ಥಿಗಳು ಗಂಡು ಹೆಣ್ಣು ಜೋಡಿಯಾಗಿ ಕೂತು, ಮಾತಾಡಿ, ಮಾಡಿ ಕಲಿಯತಕ್ಕದ್ದು.’ ರಾಜಧಾನಿ ನುಕುಅಲೋಫದ ಕಚೇರಿಯಿಂದ ಅದು ಬಂದ ಮೂರನೇ ದಿನಕ್ಕೆ ತಪಾಸಣೆಯ ಫಟಾಯಿ ಮೇಡಂ ಕೂಡ ಹಡಗಿನಿಂದ ಇಳಿದರು.

ಹಾಪಾಯ್ ದ್ವೀಪದ ನರ್ಸಿಂಗ್ ಶಾಲೆಯಲ್ಲಿ ಲೊಪೆಟಿ ಆರು ವರ್ಷದಿಂದ ಹಂಗಾಮಿ ಮೇಷ್ಟ್ರು. ಇವತ್ತು ಮಕ್ಕಳು ಬಾಯಿ ಬಿಟ್ಟರೆ ಕೆಲಸ ಕಾಯಂ, ಬಿಡದಿದ್ದರೆ ಮತ್ತೆ ಹಂಗಾಮಿ. ಆದರೆ ಅವನ ತರಗತಿಯ ಹದಿನಾಲ್ಕು ಮಕ್ಕಳು ದೊಡ್ಡವರೆದುರು ಮಾತಾಡುವ ಜಾತಿಯಲ್ಲ. “ಅರ್ಥ ಆಯ್ತಾ?” ಎಂದರೆ ಹೌದೆಂಬಂತೆ ಹುಬ್ಬು ಮೇಲೆತ್ತುವರು. “ಆಗಲಿಲ್ವಾ?” ಎಂದರೂ ಅದೇ ಹುಬ್ಬು.

ಇವತ್ತಿನ ಪಾಠ ಬಸುರಿಯ ಹೊಟ್ಟೆ ಪರೀಕ್ಷೆ. ಇಷ್ಟು ವರ್ಷ ಇದನ್ನು ಹುಡುಗರಿಗೆ ಬೆಳಿಗ್ಗೆ, ಹುಡುಗಿಯರಿಗೆ ಮಧ್ಯಾಹ್ನ ಹೇಳಿಕೊಡುತ್ತಿದ್ದ. ಆ ದ್ವೀಪಗಳಲ್ಲಿ ಅಣ್ಣ ತಂಗಿಯರ ನಡುವೆ ಅಂಥ ಮಾತು ಬಂದರೆ ಒಬ್ಬರು ಎದ್ದು ಹೊರಗೆ ಹೋಗಲೇಬೇಕಲ್ಲ. ಅಜ್ಜ ಅಜ್ಜಿಯರು ಒಡಹುಟ್ಟಿದವರಾಗಿದ್ದರೂ ಸಾಕು, ಮೊಮ್ಮಕ್ಕಳೆಲ್ಲ ಅಲ್ಲಿ ಅಣ್ಣ ತಂಗಿಯರೇ. ಹಾಗಾಗಿ ಜೋಡಿ ಮಾಡುವಾಗ ಹಾಜರಿ ಪುಸ್ತಕ ಹಿಡಿದು, ಒಂದೇ ಮನೆತನದವರು ಯಾರೂ ಇಲ್ಲವೆಂದು ಎರಡು ಸಲ ನೋಡಿಕೊಂಡಿದ್ದ. ಅಜ್ಜಿಯರ ಕಡೆಯ ನೆಂಟಸ್ತಿಕೆ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಅದು ಇರುವುದು ಕಸ ಗುಡಿಸುವ ವಿಕಾಳ ತಲೆಯಲ್ಲಿ.

ಫಟಾಯಿ ಮೇಡಂ ಹಿಂದಿನ ಬೆಂಚಿನಲ್ಲಿ, ಮಕ್ಕಳು ಬಾಯಿ ಬಿಟ್ಟಾಗೆಲ್ಲ ಗೀಟು ಹಾಕುವ ನಮೂನೆ ಬಿಡಿಸಿ ಕೂತರು. ಲೊಪೆಟಿ ತೆಂಗಿನ ನಾರು ತುಂಬಿದ ಬಟ್ಟೆಯ ಹೊಟ್ಟೆಯನ್ನು ಮೇಜಿನ ಮೇಲಿಟ್ಟ. ಅದು ಯಾರೋ ಕೂತೆದ್ದ ಕುಂಬಳಕಾಯಿಯ ಹಾಗಿತ್ತು.

“ಪೆಸಿ, ಹನಿತೆಲಿ, ಇಬ್ಬರೂ ಬನ್ನಿ. ಮಗುವಿನ ತಲೆ ಎಲ್ಲಿದೆ, ಮುಟ್ಟಿ ಹೇಳಿ.”

“ಅಯ್ಯಯ್ಯೋ!” ಬಾಗಿಲಲ್ಲಿ ಪೊರಕೆ ಬಿತ್ತು. “ಮೇಷ್ಟ್ರೇ, ತಲೆ ನೆಟ್ಟಗಿದೆಯಾ? ಇವನಜ್ಜಿ, ಅವಳಜ್ಜ ಒಂದೇ ತಾಯಿ ಮಕ್ಕಳು! ಅಣ್ಣನ ಮುಂದೆ ತಂಗಿ ಹೊಟ್ಟೆ ಮುಟ್ತಾಳಾ?”

ಹನಿತೆಲಿ ಆಗಲೇ ಅಂಗಳದಲ್ಲಿದ್ದ.

“ವಿಕಾ, ನಿನ್ನ ಕಸ ನೀನು ನೋಡ್ಕೋ,” ಎಂದು ಹಲ್ಲು ಕಚ್ಚಿದ ಲೊಪೆಟಿ ಇನ್ನೊಬ್ಬ ಹುಡುಗನನ್ನು ಕರೆದ.

“ಅವನೂ ಅಣ್ಣನೇ. ಚಿಕ್ಕಜ್ಜಿ ಕಡೆಯಿಂದ,” ಎಂದಳು ವಿಕಾ. “ಆ ಮೂಲೆಯವನು ಎರಡು ಕಡೆಯಿಂದಲೂ ಅಣ್ಣ.”

ಐದು ನಿಮಿಷದಲ್ಲಿ ಹುಡುಗರೆಲ್ಲ ಹೊರಗೆ ಕಿಟಕಿಗಳಲ್ಲಿ ನೇತಾಡುತ್ತಿದ್ದರು. ಮೇಡಮ್ಮನ ನಮೂನೆಯಲ್ಲಿ ಒಂದು ಗೀಟೂ ಬಿದ್ದಿರಲಿಲ್ಲ. ಲೊಪೆಟಿಯ ಬೆವರು, ಊರ ರೂಢಿಯಂತೆ ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿದ್ದ ಚಾಪೆಯವರೆಗೂ ಇಳಿಯಿತು.

“ಹೊಟ್ಟೆ ಬೇಡ!” ಎಂದು ಕಿರುಚಿ ಅದನ್ನು ಕಂಕುಳಿಗೆ ಸೇರಿಸಿಕೊಂಡ. “ಎಲ್ಲರೂ ಒಳಗೆ ಬನ್ನಿ. ಯಾರು ಯಾರಿಗೆ ಏನಾಗ್ಬೇಕು, ಬೋರ್ಡ್ ಮೇಲೆ ಬರೀರಿ. ಯಾರಜ್ಜಂಗೆ ಸಕ್ಕರೆ ಕಾಯಿಲೆ ಇತ್ತೋ ಅವರ ಹೆಸರಿಗೆ ಸುತ್ತು ಹಾಕಿ. ಇವತ್ತಿನ ಪಾಠ ಅದೇ!”

ಆಮೇಲೆ ಆದದ್ದನ್ನು ಅವನೇ ನಂಬಲಿಲ್ಲ. ಹದಿನಾಲ್ಕು ಮಂದಿಯೂ ಬೋರ್ಡಿಗೆ ಮುತ್ತಿದರು.

“ಏಯ್, ನಮ್ಮಜ್ಜಂಗೂ ಸಕ್ಕರೆ ಇತ್ತು ಕಣೋ, ಸುತ್ತು ಹಾಕು!”

“ನಿಮ್ಮಜ್ಜ ಸತ್ತಿದ್ದು ತೆಂಗಿನಮರದಿಂದ ಬಿದ್ದು!”

“ಕಣ್ಣು ಕಾಣದೆ ಬಿದ್ದಿದ್ದು! ಸಕ್ಕರೆಗೇ ಕಣ್ಣು ಹೋಗಿತ್ತು!”

“ನೋಡಿ ಸರ್, ಈ ಸಾಲಲ್ಲಿ ಮೂರು ತಲೆಮಾರು! ಇವಳ ರಕ್ತ ಈಗಲೇ ಪರೀಕ್ಷೆ ಮಾಡ್ಬೇಕಲ್ವಾ?”

ಗೆರೆಗಳು ಬಲೆಯ ಹಾಗೆ ಹಬ್ಬಿದವು. ಮೇಷ್ಟ್ರ ಹೆಸರೂ ಮಾವಂದಿರ ಸಾಲಿಗೆ ಬಂದು ಕೂತಿತು. ಫಟಾಯಿ ಮೇಡಂ ಗೀಟು ಹಾಕಿ ಹಾಕಿ ಸಾಕಾಗಿ ಎದ್ದು ಮುಂದೆಯೇ ಬಂದುಬಿಟ್ಟರು.

“ಲೊಪೆಟಿಯವರೇ, ಕಲಿಕೆ ಅಂದ್ರೆ ಇದು! ಪೂರ್ತಿ ಅಂಕ. ಸಹಿ ಒಂದೇ ಬಾಕಿ.” ಪೆನ್ನಿನ ಮುಚ್ಚಳ ತೆಗೆಯುತ್ತಾ ನಿಟ್ಟುಸಿರಿಟ್ಟರು. “ನಮ್ಮಜ್ಜಿಗೂ ಇದೇ ಕಾಯಿಲೆ. ಪಾಪ, ಕಾಲೇ ತೆಗೆದ್ರು.”

ಲಾವಿನಿಯಾ ಎಂಬ ಹುಡುಗಿ ಮೆಲ್ಲಗೆ ಕೈ ಎತ್ತಿದಳು. ಲೊಪೆಟಿಯ ಎದೆ ತುಂಬಿತು. ಅವನ ಆರು ವರ್ಷದ ಮೇಷ್ಟ್ರಗಿರಿಯಲ್ಲಿ ವಿದ್ಯಾರ್ಥಿಯೊಬ್ಬಳು ತಾನಾಗಿ ಕೈ ಎತ್ತಿ ಕೇಳುತ್ತಿದ್ದ ಮೊದಲ ಪ್ರಶ್ನೆ!

“ಕೇಳಮ್ಮ, ಕೇಳು! ಹೆದರ್ಬೇಡ!”

“ಮೇಡಂ, ನಿಮ್ಮಜ್ಜಿ ಹೆಸರೇನು?”

“ಲುಪೆ. ಫೋಆ ದ್ವೀಪದವಳು.”

ಹುಡುಗಿ ಬೋರ್ಡಿನ ಮೇಲೆ ಲುಪೆ ಎಂದು ಬರೆದಳು. ಯೋಚಿಸಿದಳು. ಅಲ್ಲಿಂದ ಒಂದು ಗೆರೆ ಎಳೆದಳು. ಅದು ಮೇಲಕ್ಕೆ ಹೋಗಿ, ಪಕ್ಕಕ್ಕೆ ತಿರುಗಿ, ಇಳಿದು ಇಳಿದು ಮೇಷ್ಟ್ರ ಹೆಸರಿನ ಮೇಲೆ ನಿಂತಿತು.

“ಕಾಲಿಲ್ಲದ ಲುಪೆ!” ವಿಕಾ ಚಪ್ಪಾಳೆ ತಟ್ಟಿದಳು. “ಮೇಷ್ಟ್ರ ಅಜ್ಜಿಯ ಒಡಹುಟ್ಟಿದ ತಂಗಿ! ಅಯ್ಯೋ ತಾಯೀ, ಇವನು ನಿಮಗೆ ತಮ್ಮ!”

ಫಟಾಯಿ ಮೇಡಂ ಮೊದಲು ತಮ್ಮನನ್ನು ನೋಡಿದರು. ಆಮೇಲೆ ಅವನ ಕಂಕುಳಲ್ಲಿದ್ದ ಬಸುರಿ ಹೊಟ್ಟೆಯನ್ನು ನೋಡಿದರು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಬಾಗಿಲಿಗೆ ಅವರೇ ಅಡ್ಡವಿದ್ದುದರಿಂದ ಲೊಪೆಟಿ ಹೊಟ್ಟೆಯ ಸಮೇತ ಕಿಟಕಿಯಿಂದ ಹಾರಿದ.

“ತಮ್ಮಾ,” ಒಳಗಿನಿಂದ ಮೇಡಮ್ಮನ ದನಿ ಬಂತು, ಜೊತೆಗೆ ಕಾಗದ ಹರಿಯುವ ಸದ್ದು. “ನೆಂಟರಿಗೆ ಸಹಿ ಹಾಕೋ ಹಾಗಿಲ್ಲಪ್ಪ. ಇಲಾಖೆ ನಿಯಮ.”

“ಅಕ್ಕಾ!” ಲೊಪೆಟಿ ಗೋಡೆಗೆ ಬಾಯಿಟ್ಟು ಕೂಗಿದ. “ತಪಾಸಣೆಗೆ ಇನ್ನೂ ಇಬ್ಬರು ಮೇಡಮ್ಮಂದಿರು ಇದ್ದಾರಲ್ಲ! ಅವರಲ್ಲೊಬ್ಬರನ್ನ ಕಳ್ಸಿ!”

ಒಳಗೆ ಗುಸುಗುಸು. ಮೇಡಂ ಏನೋ ಎರಡು ಹೆಸರು ಹೇಳಿದರು. ಬಳಪ ಕಿರುಗುಟ್ಟಿತು. “ಅಲ್ಲ ಕಣೋ, ಆ ಕಡೆಯಿಂದ ಎಳಿ!” “ಅವರಮ್ಮನ ಊರು ಯಾವ್ದು ಕೇಳು!” ಎಂದು ಹದಿನಾಲ್ಕು ಬಾಯಿಗಳೂ ಒಟ್ಟಿಗೆ ವಾದಿಸಿದವು. ಆಮೇಲೆ ದೊಡ್ಡ ಚಪ್ಪಾಳೆ.

ಲಾವಿನಿಯಾ ಕಿಟಕಿಯಿಂದ ತಲೆ ಹೊರಹಾಕಿದಳು. ಮುಖ ಅರಳಿತ್ತು.

“ಸರ್, ಯಾರೂ ಹೇಳಿಕೊಡದೆ ನಾವೇ ಕಂಡುಹಿಡಿದ್ವಿ! ಅವರಿಬ್ಬರೂ ನಿಮಗೆ ಅಕ್ಕಂದಿರೇ!”