ಮಾವನ ಹುಂಜ, ನನ್ನ ಸುಳ್ಳು

ಉತ್ತರಹಳ್ಳಿಯಲ್ಲಿ ಬಾಡಿಗೆ ಮನೆ ಹುಡುಕುವವರಿಗೊಂದು ಕಿವಿಮಾತು. ನನ್ನ ಸೋದರಮಾವನ ಕಟ್ಟಡಕ್ಕೆ ಹೋಗುವುದಾದರೆ ಆಧಾರ್ ಕಾರ್ಡಿಗಿಂತ ಧೈರ್ಯ ಮುಖ್ಯ. ಅಲ್ಲಿ ಯಾರಿಗೆ ಮನೆ ಕೊಡಬೇಕೆಂದು ತೀರ್ಮಾನಿಸುವುದು ಅವರ ಹುಂಜ!

ಹುಂಜವೆಂದರೆ ತಿಪ್ಪೆ ಕೆದಕುವ ಬಡಪಾಯಿ ಅಂದುಕೊಂಡಿರಾ? ಇದು ಅಸೀಲ್ ಜಾತಿಯದು. ಕತ್ತೆತ್ತಿ ನಿಂತರೆ ನನ್ನ ಸೊಂಟಕ್ಕೆ ಬರುತ್ತದೆ. ನೋಟವೋ, ಹೆಣ್ಣು ನೋಡಲು ಬಂದ ಗಂಡಿನ ತಾಯಿಯದು. ತಾತನ ಕಾಲದ ಈ ಅಪರೂಪದ ತಳಿಯನ್ನು, ಹೊಲವೆಲ್ಲ ಸೈಟಾದ ಮೇಲೂ ಮಾವ ತಾರಸಿಯಲ್ಲಿ ಉಳಿಸಿಕೊಂಡಿದ್ದಾರೆ. ಕೋಳಿ ಕಾಳಗಕ್ಕೆಂದು ಹುಂಜ ಕೇಳಿಕೊಂಡು ಬಂದವರಿಗೆ, “ಮೊದ್ಲು ನಿಮ್ ಮಗನ್ನ ಕಳ್ಸಿ, ಆಮೇಲೆ ನೋಡಣ” ಎಂದು ಗೇಟು ಹಾಕುತ್ತಾರೆ.

ಒಮ್ಮೆ ಮನೆ ನೋಡಲು ಬಂದ ಸಾಹೇಬರೊಬ್ಬರು ಇದನ್ನು ಕಂಡು ನೀರಿನ ಟ್ಯಾಂಕ್ ಹತ್ತಿ ಕೂತರು.

“ಮನೆ ಹೇಗನ್ನಿಸ್ತು ಸಾರ್?” ಎಂದು ಮಾವ ಕೆಳಗಿನಿಂದ ಕೇಳಿದರು.

“ವ್ಯೂ ಚೆನ್ನಾಗಿದೆ. ಮೊದ್ಲು ಅದನ್ನ ಹಿಡ್ಕೊಳ್ರಿ.”

ನಗುತ್ತ ಹೇಳುತ್ತಿದ್ದೇನೆ, ನಿಜ. ಹೇಳಲು ನಾಚಿಕೆಯಾಗುವ ಭಾಗ ಇನ್ನೂ ಬಾಕಿಯಿದೆ.

ಕಳೆದ ತಿಂಗಳು ಹುಂಜದ ಪಾದ ಊದಿಕೊಂಡಿತು. ನಾನು ಜಯನಗರದಲ್ಲಿ ಆಫೀಸಿನವರೊಂದಿಗೆ ಕಾಫಿ ಕುಡಿಯುತ್ತಿದ್ದಾಗ ಎದುರಿಗೇ ಆಟೋ ನಿಂತು, ಮಾವ ಇಳಿದರು. ಕಂಕುಳಲ್ಲಿ ಹುಂಜ, ಅದಕ್ಕೆ ತಮ್ಮ ಮದುವೆಯ ರೇಷ್ಮೆ ಶಲ್ಯ ಹೊದಿಸಿದ್ದಾರೆ! ನನ್ನನ್ನು ಕಂಡು ಮುಖ ಅರಳಿಸಿ ಕೈಯೆತ್ತಿದರು.

“ಯಾರ್ರೀ ಅದು? ನಿಮ್ಗೆ ಗೊತ್ತಾ?” ಹೊಸ ಮ್ಯಾನೇಜರ್ ನಗು ತಡೆದುಕೊಂಡು ಕೇಳಿದರು.

“ಇಲ್ಲ ಮೇಡಂ, ಯಾರೋ ಏನೋ” ಎಂದುಬಿಟ್ಟೆ.

ಅಪ್ಪ ಹೋದ ಮೇಲೆ ನನ್ನನ್ನು ಸಾಕಿ, ಓದಿಸಿದ ಮನುಷ್ಯ ಎರಡೇ ಮಾರು ದೂರದಲ್ಲಿದ್ದರು. ಎತ್ತಿದ ಕೈ ಇಳಿಯಿತು. ಹತ್ತಿರ ಬಂದು, “ಮೇಡಂ, ಪ್ರಾಣಿ ಡಾಕ್ಟ್ರು ಯಾವ್ ಕಡೆ?” ಎಂದು ನನ್ನನ್ನೇ ಕೇಳಿದರು. ಅವರಿಗೆ ಗೊತ್ತಿಲ್ಲದ ದಾರಿಯೇನಲ್ಲ ಅದು. ನಾನು ಎಡಕ್ಕೆ ಕೈ ತೋರಿಸಿದೆ. “ಥ್ಯಾಂಕ್ಸ್ ಮೇಡಂ” ಎಂದು ಹೊರಟುಹೋದರು.

ಸಂಜೆ ತಾರಸಿಗೆ ಹೋದೆ. ಮಾವ ಮುಲಾಮು ಹಿಡಿದು ಕೂತಿದ್ದರು.

“ಮಾವ, ಮಧ್ಯಾಹ್ನ ನಾನು...”

“ಬಂದ್ಯಾ ಪುಟ್ಟಿ? ಇದನ್ನ ಹಿಡ್ಕೋ, ಒಬ್ನ ಕೈಲಾಗಲ್ಲ.”

ಹಿಡಿದುಕೊಂಡೆ. ಅಷ್ಟು ದೊಡ್ಡ ಹುಂಜದ ಎದೆ ನನ್ನ ಅಂಗೈಯಲ್ಲಿ ಡವಡವ ಎನ್ನುತ್ತಿತ್ತು. ಮಾವ ತಲೆಯೆತ್ತದೆ ಅದರ ಪಾದಕ್ಕೆ ಮುಲಾಮು ಸವರುತ್ತ ಕೇಳಿದರು:

“ನಾನು ಹೋದ್ಮೇಲೆ ಆಫೀಸ್ನೋರು ನಿನ್ನ ಆಡ್ಕೊಂಡು ನಕ್ರಾ?”

“ಇಲ್ಲ ಮಾವ.”

“ಸದ್ಯ. ಆಟೋದಲ್ಲೆಲ್ಲ ಅದೇ ಯೋಚ್ನೆ ಆಗಿತ್ತು ನಂಗೆ.”