ದೇವರು ಮುಂದೆ

ದೇವರನ್ನು ಎಲ್ಲಕ್ಕಿಂತ ಮೇಲಿಡುವುದು ಕಷ್ಟವೆಂದು ನಮ್ಮ ಚರ್ಚಿನ ಸಭಾಪಾಲಕರು ಹೇಳಿದಾಗೆಲ್ಲ ನಾನು ಒಳಗೊಳಗೇ ನಗುತ್ತಿದ್ದೆ. ಅದರಲ್ಲೇನು ಕಷ್ಟ? ಮೇಲಿಡಲು ನನ್ನ ಹತ್ತಿರ ಬೇರೇನೂ ಇರಲಿಲ್ಲವಲ್ಲ! ಹೊಸಪೇಟೆಯಲ್ಲಿ ಒಂದು ಹೊಲಿಗೆ ಅಂಗಡಿ, ಹೆಂಡತಿ, ನನ್ನನ್ನು ಸಾಕಿ ಬೆಳೆಸಿದ ಸೋದರತ್ತೆ ಮಾರ್ಥಮ್ಮ. ಇಷ್ಟೇ. ಆಮೇಲೆ ಸಂಡೂರಿನ ಕಬ್ಬಿಣದ ಅದಿರು ಚೀನಾಕ್ಕೆ ಹೊರಟಿತು. ಕಿರಾಣಿ ಅಂಗಡಿಯವರು, ಆಸ್ಪತ್ರೆಯ ಕಾಂಪೌಂಡರು, ಎಲ್ಲರೂ ಅದನ್ನು ಸಾಗಿಸಲು ಲಾರಿ ಕೊಂಡರು. ಸೈಕಲ್ಲನ್ನೂ ನೆಟ್ಟಗೆ ಹೊಡೆಯಲು ಬಾರದ ನಾನು ಸುಮ್ಮನಿರುತ್ತೇನೆಯೇ? ಹಳೆಯದೊಂದು ಟಿಪ್ಪರ್ ತಂದೆ. ಅದರ ಹಣೆಯ ಮೇಲೆ ಏನು ಬರೆಯಲಿ ಎಂದು ಪೇಂಟರ್ ಕೇಳಿದ. ದೇವರಿಗೇ ಮೊದಲ ಜಾಗ ಎಂಬ ಅರ್ಥದಲ್ಲಿ ‘ದೇವರು ಮುಂದೆ’ ಎಂದು ಬರೆಸಿದೆ. ಅಕ್ಷರ ದಪ್ಪಗಿರಲಿ ಎಂದೂ ಹೇಳಿದೆ.

ಆರು ದಿನ ಅಂಗಡಿ. ಲಾರಿಯನ್ನು ನೋಡಿಕೊಳ್ಳಲು ಉಳಿದದ್ದು ಭಾನುವಾರವೊಂದೇ. ಡ್ರೈವರನ ಪಕ್ಕದಲ್ಲಿ ಕುಳಿತು ಸಂಡೂರಿಗೆ ಹೋಗಿ, ಲೋಡು ತೂಗುವ ಕಾಟಾದ ಸಾಲಿನಲ್ಲಿ ಕಾದು, ಕೆಂಪು ಧೂಳು ಹೊದ್ದು ಮರಳುವಷ್ಟರಲ್ಲಿ ಆರಾಧನೆ ಮುಗಿದು ಚರ್ಚಿಗೆ ಬೀಗ ಬಿದ್ದಿರುತ್ತಿತ್ತು. ತಿಂಗಳ ಮೊದಲ ಭಾನುವಾರ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ. ಅತ್ತೆಗೆ ಅದೊಂದೇ ಆಸೆ. ಮೊಣಕಾಲು ಬಿದ್ದುಹೋಗಿದ್ದ ಅವಳನ್ನು ಆಟೋದಲ್ಲಿ ಕೂರಿಸಿ, ಚರ್ಚಿನ ಮೆಟ್ಟಿಲು ಹತ್ತಿಸುವವನು ನಾನೇ. ಅವಳ ಭಾರ ತಡೆಯುವ ಶಕ್ತಿ ನನ್ನ ಹೆಂಡತಿಗಿಲ್ಲ. “ಮುಂದಿನ ತಿಂಗಳು ಹೋಗೂಣು ಅತ್ತಿ,” ಎನ್ನುತ್ತ ಮೂರು ತಿಂಗಳು ಕಳೆದೆ.

ಒಂದು ಸಂಜೆ ಮನೆಯೆದುರು ನಿಂತಿದ್ದ ಲಾರಿಯನ್ನು ಅತ್ತೆ ಕನ್ನಡಕ ಏರಿಸಿ, ಅಕ್ಷರ ಕೂಡಿಸಿ ಓದಿದಳು.

“ದೇವರು ಮುಂದ... ಖರೇನ ಬರಿಸೀದಿ ಬಿಡಪ್ಪ. ಲೋಡು ಈಗ, ದೇವರು ಮುಂದ.”

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ನಾನು ಆ ಅರ್ಥದಲ್ಲೇ ಬರೆಸಿದ್ದೇನೆಂದು ಅಂದುಕೊಂಡಿದ್ದಳು. ನನಗೆ ನಾಚಿಕೆಯಾಯಿತು. ನಾಚಿಕೆಯಾದವನು ಏನು ಮಾಡಬೇಕಿತ್ತೋ ಅದನ್ನು ಬಿಟ್ಟು ಪೇಂಟರನ ಬಳಿಗೆ ಓಡಿದೆ. ‘ದೇವರೇ ಮೊದಲು’ ಎಂದು ತಿದ್ದಿಕೊಡಲು ಕೇಳಿದೆ. “ಭಾನುವಾರ ಮುಂಜಾನಿ ತಂದು ನಿಲ್ಲಸ್ರಿ,” ಎಂದ. “ಆಗಲಿ,” ಎಂದು ಬಂದೆ. ಅದೇ ತಿಂಗಳ ಮೊದಲ ಭಾನುವಾರವೆಂಬುದು ತಲೆಗೆ ಹೊಳೆಯಲೇ ಇಲ್ಲ.

ಆ ಮುಂಜಾನೆ ಹೊರಗೆ ಬಂದರೆ ಅತ್ತೆ ಬಿಳಿ ಸೀರೆಯುಟ್ಟು, ಬೈಬಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು. “ನೀ ಹೋಗಪ್ಪ. ಚರ್ಚಿನ ಗಂಟಿ ಆದ್ರೂ ಕೇಳೂಣಂತ ಕುಂತೀನಿ,” ಎಂದಳು.

“ಅಣ್ಣಾರ, ಪೇಂಟರ್ ಕಾಯಾಕತ್ತಾನ್ರಿ, ಜಲ್ದಿ ಬರ್ರಿ,” ಎಂದು ಡ್ರೈವರ್ ಕೂಗಿದ.

“ಪೇಂಟಿಂಗ್ ಮುಂದ ನೋಡೂಣು. ಮೊದ್ಲು ಒಂದು ಆಟೋ ಕರಕೊಂಡು ಬಾ,” ಎಂದೆ.

ಚರ್ಚಿನ ಮೆಟ್ಟಿಲು ಹತ್ತುವಾಗ ನನ್ನ ಅಂಗಿಯ ಕೆಂಪು ಧೂಳು ಅವಳ ಬಿಳಿ ಸೀರೆಗೆ ಹತ್ತಿತು. ಕೊಡವಲು ಹೋದೆ. “ಇರಲಿ ಬಿಡು, ಮುಂದ ತೊಳದ್ರಾತು,” ಎಂದು ನನ್ನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಲಾರಿಯ ಹಣೆಬರಹವನ್ನು ತಿದ್ದಿಸುವುದು ಮಾತ್ರ ಆಗಲೇ ಇಲ್ಲ. ಓದುವವರು ತಮಗೆ ಬೇಕಾದಂತೆ ಓದಿಕೊಳ್ಳುತ್ತಾರೆ. ನಾನೂ ಅಷ್ಟೇ. ಭಾನುವಾರ ಒಂದು ಥರ ಓದುತ್ತೇನೆ, ಸೋಮವಾರದಿಂದ ಇನ್ನೊಂದು ಥರ.